ಕರಿಹಲಗೆಯ ಮೇಲೆ ಬರೆದದ್ದು



“ಮೇಷ್ಟ್ರು ಬರೆಯುವುದನ್ನೇ ನಿಲ್ಲಿಸಿಬಿಟ್ಟರೇ?” ಎಂದು ನಿಮ್ಮಲ್ಲಿ ಕೆಲವರು ದೂರವಾಣಿಯಲ್ಲಿ ಕೇಳಿದಿರಿ. ನಿಲ್ಲಿಸಿಲ್ಲ. ದೇವರ ದಯೆಯಿಂದ ಆರೋಗ್ಯವೂ ಚೆನ್ನಾಗಿಯೇ ಇದೆ. ನಡುವೆ ನನ್ನಿಂದ ಒಂದು ತಪ್ಪು ನಡೆದುಹೋಯಿತು. ಅದನ್ನು ನಿಮ್ಮೆದುರು ಹೇಗೆ ಹೇಳುವುದೆಂಬ ಸಂಕೋಚದಲ್ಲಿಯೇ ದಿನಗಳು ಉರುಳಿದವು. ಆ ತಪ್ಪು ನಡೆದದ್ದು ‘ರ್ಯಾಮ್ ಡಿಸ್ಕ್’ ಎಂಬ ಉಪಕರಣದ ಬಳಕೆಯಲ್ಲಿ. ಉಪಕರಣ ಒಳ್ಳೆಯದೇ, ಅವಿವೇಕ ನನ್ನದು. ಹೆಚ್ಚು ಮೆಮೊರಿಯುಳ್ಳ ಕಂಪ್ಯೂಟರುಗಳು ಈಗ ನಿಮ್ಮಲ್ಲಿ ಅನೇಕರ ಮನೆಗಳಲ್ಲಿ ಇರುವುದರಿಂದ, ಅದನ್ನು ಯಾವುದಕ್ಕೆ ಬಳಸಬೇಕು, ಯಾವುದಕ್ಕೆ ಬಳಸಬಾರದು ಎಂಬ ಬಗ್ಗೆ ನನ್ನ ಅಭಿಪ್ರಾಯವನ್ನು ತಪ್ಪೊಪ್ಪಿಗೆಯ ಜೊತೆಗೇ ಬರೆಯುತ್ತಿದ್ದೇನೆ.

ಮೊದಲು ಹಿನ್ನೆಲೆ. ನಮ್ಮ ಪ್ರೌಢಶಾಲೆಯಲ್ಲಿ 1987ರಿಂದ 2004ರವರೆಗೆ ವರ್ಷಕ್ಕೊಂದರಂತೆ ಹೊರಬರುತ್ತಿದ್ದ ಕೈಬರಹದ ಪತ್ರಿಕೆ ನಿಮಗೆ ನೆನಪಿರಬಹುದು. ಒಟ್ಟು ಹದಿನೆಂಟು ಸಂಚಿಕೆಗಳು. ಒಂದೊಂದಕ್ಕೂ ಒಂದೇ ಪ್ರತಿ. ನಾನು ನಿವೃತ್ತನಾಗುವಾಗ ಅವು ಸಿಬ್ಬಂದಿ ಕೋಣೆಯ ಕಪಾಟಿನಲ್ಲಿ ಗೆದ್ದಲಿಗೆ ಆಹಾರವಾಗುವ ಸ್ಥಿತಿಯಲ್ಲಿದ್ದವು. ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಮನೆಗೆ ತಂದೆ. ಪುಟಪುಟವನ್ನೂ ಸ್ಕ್ಯಾನ್ ಮಾಡಿ, ನಿಮಗೆಲ್ಲ ಹಂಚಬೇಕೆಂಬುದು ಸಂಕಲ್ಪ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ನಿಮ್ಮಲ್ಲೊಬ್ಬನಿಗೆ ಈ ವಿಷಯ ತಿಳಿದು, ತಾನು ಬಳಸುತ್ತಿದ್ದ ಕಂಪ್ಯೂಟರನ್ನು ಕಾರಿನಲ್ಲಿಟ್ಟುಕೊಂಡು ಸಾಗರದ ನಮ್ಮ ಮನೆಗೇ ಬಂದ. “ಸಾರ್, ಇದರಲ್ಲಿ 64 ಗಿಗಾಬೈಟ್ ಮೆಮೊರಿ ಇದೆ. ನಿಮ್ಮ ಕೆಲಸಕ್ಕೆ ಇದರ ಕಾಲುಭಾಗವೂ ಬೇಕಾಗದು. ಉಳಿದದ್ದರಲ್ಲಿ ಒಂದು ರ್ಯಾಮ್ ಡಿಸ್ಕ್ ಮಾಡಿಕೊಡುತ್ತೇನೆ” ಎಂದು 16 ಗಿಗಾಬೈಟಿನ ಒಂದು ಫೋಲ್ಡರನ್ನು ಸಿದ್ಧಪಡಿಸಿ, ಅದಕ್ಕೆ ‘ತಾತ್ಕಾಲಿಕ’ ಎಂದು ಹೆಸರಿಟ್ಟ. ಆ ಹೆಸರನ್ನು ನಾನು ಇನ್ನಷ್ಟು ಗಮನವಿಟ್ಟು ಓದಬೇಕಾಗಿತ್ತು!

ಈ ರ್ಯಾಮ್ ಡಿಸ್ಕ್ ಎಂದರೇನು? ತರಗತಿಯ ಉದಾಹರಣೆಯನ್ನೇ ಕೊಡುತ್ತೇನೆ. ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ ಎಂಬುದು ನಿಮ್ಮ ನೋಟ್‌ಪುಸ್ತಕ. ಬರೆಯಲು ಹೊತ್ತು ಹಿಡಿಯುತ್ತದೆ, ಆದರೆ ಬರೆದದ್ದು ಉಳಿಯುತ್ತದೆ. ರ್ಯಾಮ್ ಅಥವಾ ಮೆಮೊರಿ ಎಂಬುದು ಕರಿಹಲಗೆ. ಸರಸರನೆ ಬರೆಯಬಹುದು, ಸರಸರನೆ ಅಳಿಸಬಹುದು, ಗಂಟೆ ಬಾರಿಸಿದ ಮೇಲೆ ಡಸ್ಟರಿಗೆ ಬಲಿಯಾಗುವುದು ಖಚಿತ. ಆ ಹಲಗೆಯ ಒಂದು ಮೂಲೆಯಲ್ಲಿ ಚೌಕ ಎಳೆದು, “ಇದೂ ಒಂದು ನೋಟ್‌ಪುಸ್ತಕವೆಂದು ತಿಳಿಯಿರಿ” ಎಂದು ಹೇಳಿದರೆ ಅದೇ ರ್ಯಾಮ್ ಡಿಸ್ಕ್. ತಂತ್ರಾಂಶಗಳಿಗೆ ಅದು ಮಾಮೂಲು ಡಿಸ್ಕಿನಂತೆಯೇ ಕಾಣುತ್ತದೆ. ಫೈಲುಗಳನ್ನು ಇಡಬಹುದು, ತೆಗೆಯಬಹುದು. ಆದರೆ ವಿದ್ಯುತ್ ಹೋದೊಡನೆ ಹಲಗೆ ಖಾಲಿ.

ಖಾಲಿಯಾಗುವುದೇಕೆ ಎಂಬುದರ ಹಿಂದೆ ಸೊಗಸಾದ ಭೌತವಿಜ್ಞಾನವಿದೆ. ವಿಜ್ಞಾನದ ಮೇಷ್ಟ್ರಾದ ನಾನು ಅದನ್ನು ಬಿಟ್ಟು ಮುಂದೆ ಹೋಗಲಾರೆ. ಇಂದಿನ ಮೆಮೊರಿಯ ಒಂದೊಂದು ಕೋಶದಲ್ಲೂ ಒಂದು ಟ್ರಾನ್ಸಿಸ್ಟರ್, ಒಂದು ಅತಿ ಸಣ್ಣ ಕೆಪಾಸಿಟರ್ ಇರುತ್ತವೆ. ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ 1966ರಲ್ಲಿ ರೂಪಿಸಿ, 1968ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವಿದು. ಕೆಪಾಸಿಟರಿನಲ್ಲಿ ವಿದ್ಯುದಾವೇಶವಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಆದರೆ ಆ ಪುಟ್ಟ ಕೆಪಾಸಿಟರ್ ಸೋರುವ ಕೊಡದಂತೆ. ಆದ್ದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡುಗಳಿಗೊಮ್ಮೆ, ಅಂದರೆ ಸೆಕೆಂಡಿಗೆ ಹದಿನೈದು ಸಲಕ್ಕೂ ಹೆಚ್ಚಾಗಿ, ಪ್ರತಿಯೊಂದು ಕೋಶವನ್ನೂ ಓದಿ ಮತ್ತೆ ಬರೆಯಬೇಕಾಗುತ್ತದೆ. ಮಗ್ಗಿಯನ್ನು ಬಾಯಿಪಾಠ ಮಾಡುವ ಹುಡುಗನಂತೆ ಮೆಮೊರಿ ತನ್ನ ಪಾಠವನ್ನು ಕ್ಷಣಕ್ಷಣವೂ ಒಪ್ಪಿಸಿಕೊಳ್ಳುತ್ತಲೇ ಇರುತ್ತದೆ. ವಿದ್ಯುತ್ ನಿಂತರೆ ಒಪ್ಪಿಸುವವರಿಲ್ಲ, ಪಾಠ ಮರೆತುಹೋಗುತ್ತದೆ.

ಈ ಉಪಾಯ ಹೊಸದೇನೂ ಅಲ್ಲ. 1980ರ ದಶಕದ ಡಾಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿಯೇ ರ್ಯಾಮ್ ಡಿಸ್ಕ್ ಮಾಡುವ ಸೌಲಭ್ಯವಿತ್ತು. 2001ರ ಸುಮಾರಿಗೆ ನಮ್ಮ ಶಾಲೆಗೆ ಕಂಪ್ಯೂಟರುಗಳು ಬಂದಾಗ ನಿಮ್ಮಲ್ಲಿ ಕೆಲವರು ಅದನ್ನು ಕಣ್ಣಾರೆ ಕಂಡಿದ್ದೀರಿ. ಒಂದು ಯಂತ್ರ ಕೆಟ್ಟು, ರಿಪೇರಿಯವರು ವಿಂಡೋಸ್ 98ರ ಫ್ಲಾಪಿ ಹಾಕಿ ಚಾಲೂ ಮಾಡಿದ್ದರು. ಆ ಫ್ಲಾಪಿ ಮೆಮೊರಿಯಲ್ಲಿ 2 ಮೆಗಾಬೈಟಿನ ಒಂದು ಡ್ರೈವನ್ನು ಮಾಡಿಕೊಂಡು, ರಿಪೇರಿಗೆ ಬೇಕಾದ ಸಲಕರಣೆಗಳನ್ನು ಅದರಲ್ಲಿ ಬಿಚ್ಚಿಡುತ್ತಿತ್ತು. ಆಗ ‘ಡಿ’ ಆಗಿದ್ದ ಸಿಡಿ ಡ್ರೈವ್ ‘ಇ’ ಆಗಿಬಿಡುತ್ತಿತ್ತು. “ಸಾರ್, ಇಲ್ಲದ ಡ್ರೈವ್ ಒಂದು ಬಂದು ಕೂತಿದೆ!” ಎಂದು ಹತ್ತನೆಯ ತರಗತಿಯ ಹುಡುಗನೊಬ್ಬ ಓಡಿಬಂದಿದ್ದ. ನಾನು ಹೋಗಿ ನೋಡುವಷ್ಟರಲ್ಲಿ ಯಂತ್ರವನ್ನು ಮತ್ತೆ ಚಾಲೂ ಮಾಡಿದ್ದರು. ಬಂದು ಕೂತಿದ್ದ ಡ್ರೈವ್ ಮಾಯವಾಗಿತ್ತು. ಅಂದಿನ ಆ ಯಂತ್ರದ ಮೆಮೊರಿ 64 ಮೆಗಾಬೈಟ್. ಇಂದು ನನ್ನ ಮೇಜಿನ ಮೇಲಿರುವುದು 64 ಗಿಗಾಬೈಟ್. ಲೆಕ್ಕ ಹಾಕಿದರೆ ಸರಿಯಾಗಿ 1024 ಪಟ್ಟು.

ಇನ್ನು ವೇಗದ ಮಾತು. ಒಂದು ಮಾಹಿತಿಯನ್ನು ಹುಡುಕಿ ತೆಗೆಯಲು ಮೆಮೊರಿಗೆ ಸುಮಾರು 100 ನ್ಯಾನೋಸೆಕೆಂಡ್, ಎಸ್‌ಎಸ್‌ಡಿಗೆ ಸುಮಾರು 100 ಮೈಕ್ರೋಸೆಕೆಂಡ್, ತಿರುಗುವ ಹಾರ್ಡ್ ಡಿಸ್ಕಿಗೆ ಸುಮಾರು 10 ಮಿಲಿಸೆಕೆಂಡ್ ಬೇಕು. ಈ ಅಂಕಿಗಳು ಮನಸ್ಸಿಗೆ ನಿಲ್ಲುವಂತೆ ಹಿಗ್ಗಿಸಿ ನೋಡೋಣ. ಮೆಮೊರಿಯ ಕೆಲಸ ಒಂದು ಸೆಕೆಂಡಿನದಾದರೆ, ಎಸ್‌ಎಸ್‌ಡಿಯದು ಹದಿನೇಳು ನಿಮಿಷದ್ದು, ಹಾರ್ಡ್ ಡಿಸ್ಕಿನದು ಇಪ್ಪತ್ತೆಂಟು ಗಂಟೆಗಳದ್ದು! ಇಷ್ಟು ಕೇಳಿದೊಡನೆ ಯಾರಿಗಾದರೂ “ಹಾಗಾದರೆ ಎಲ್ಲವನ್ನೂ ಮೆಮೊರಿಯಲ್ಲೇ ಇಟ್ಟುಬಿಡೋಣ” ಎನ್ನಿಸುವುದು ಸಹಜ. ನನಗೂ ಹಾಗೆಯೇ ಅನ್ನಿಸಿತು.

ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಇಂದಿನ ಕಾರ್ಯಾಚರಣ ವ್ಯವಸ್ಥೆಗಳು ದಡ್ಡವಲ್ಲ. ಒಮ್ಮೆ ಓದಿದ ಫೈಲನ್ನು ಅವು ಖಾಲಿ ಇರುವ ಮೆಮೊರಿಯಲ್ಲಿ ತಾವಾಗಿಯೇ ಇಟ್ಟುಕೊಂಡಿರುತ್ತವೆ. ಎರಡನೆಯ ಸಲ ಅದೇ ಫೈಲನ್ನು ಕೇಳಿದರೆ ಡಿಸ್ಕಿನವರೆಗೆ ಹೋಗದೆ ಅಲ್ಲಿಂದಲೇ ಕೊಡುತ್ತವೆ. ಬರೆಯುವಾಗಲೂ ಅಷ್ಟೇ: ಲಿನಕ್ಸ್ ಸಾಮಾನ್ಯವಾಗಿ 30 ಸೆಕೆಂಡುಗಳಷ್ಟು ಕಾಲ ಹೊಸ ಬರಹವನ್ನು ಮೆಮೊರಿಯಲ್ಲಿ ಹಿಡಿದಿಟ್ಟುಕೊಂಡು, ಆಮೇಲೆ ನಿಧಾನವಾಗಿ ಡಿಸ್ಕಿಗೆ ಇಳಿಸುತ್ತದೆ. ಅಂದರೆ ಮೆಮೊರಿ ಹೆಚ್ಚಿರುವ ಯಂತ್ರದಲ್ಲಿ ರ್ಯಾಮ್ ಡಿಸ್ಕಿನ ಅರ್ಧ ಲಾಭ ನಾವು ಕೇಳದೆಯೇ ಸಿಕ್ಕಿರುತ್ತದೆ. ಆದ್ದರಿಂದ “ತಂತ್ರಾಂಶಗಳನ್ನೆಲ್ಲ ರ್ಯಾಮ್ ಡಿಸ್ಕಿಗೆ ಹಾಕಿದರೆ ಕಂಪ್ಯೂಟರ್ ಹಾರುತ್ತದೆ” ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕಡಿಮೆ ಮೆಮೊರಿಯ ಯಂತ್ರದಲ್ಲಂತೂ ಅದು ಹಾನಿಕರ. ಹಲಗೆಯನ್ನೆಲ್ಲ ಚೌಕಗಳೇ ತುಂಬಿಕೊಂಡರೆ ಲೆಕ್ಕ ಬಿಡಿಸಲು ಜಾಗವೆಲ್ಲಿ?

ಹಾಗಾದರೆ ನಿಜವಾದ ಉಪಯೋಗಗಳಾವುವು? ನನ್ನ ಅನುಭವಕ್ಕೂ ತಿಳಿವಳಿಕೆಗೂ ನಿಲುಕಿದವನ್ನು ಹೇಳುತ್ತೇನೆ.

ಮೊದಲನೆಯದು, ಮಧ್ಯಂತರದ ಫೈಲುಗಳು. ಎ4 ಅಳತೆಯ ಒಂದು ಪುಟವನ್ನು ಇಂಚಿಗೆ 300 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದರೆ 2480 ಗುಣಿಸು 3508, ಅಂದರೆ ಸುಮಾರು 87 ಲಕ್ಷ ಚುಕ್ಕೆಗಳು. ಬಣ್ಣಕ್ಕೆ ಚುಕ್ಕೆಯೊಂದಕ್ಕೆ 3 ಬೈಟ್. ಒಂದು ಪುಟಕ್ಕೆ 26 ಮೆಗಾಬೈಟ್ ಆಯಿತು. ವಾರೆಯಾದ ಪುಟವನ್ನು ನೇರ ಮಾಡುವುದು, ಅಂಚು ಕತ್ತರಿಸುವುದು, ಹಳದಿ ಛಾಯೆ ತೆಗೆಯುವುದು, ಅಕ್ಷರವನ್ನು ಗಾಢಗೊಳಿಸುವುದು ಎಂಬ ನಾಲ್ಕು ಹಂತಗಳಲ್ಲಿ ಒಂದೊಂದು ಹೊಸ ಫೈಲು ಹುಟ್ಟುತ್ತದೆ. ತೊಂಬತ್ತು ಪುಟಗಳ ಒಂದು ಸಂಚಿಕೆಗೆ ಹೀಗೆ 9 ಗಿಗಾಬೈಟಿಗೂ ಹೆಚ್ಚು ರಾಶಿ ಬೀಳುತ್ತದೆ. ಕೊನೆಗೆ ಉಳಿಸಿಕೊಳ್ಳುವುದು ಕಡೆಯ ಹಂತದ ಪುಟಗಳನ್ನು ಕುಗ್ಗಿಸಿದ ಒಂದು ಪುಸ್ತಕವನ್ನು ಮಾತ್ರ. ಉಳಿದದ್ದೆಲ್ಲ ಮರ ಕೊಯ್ದಾಗ ಬೀಳುವ ಹೊಟ್ಟು. ಈ ಹೊಟ್ಟನ್ನು ಮೆಮೊರಿಯಲ್ಲೇ ಬೀಳಿಸಿ ಅಲ್ಲಿಂದಲೇ ಗುಡಿಸಿಹಾಕುವುದು ಜಾಣತನ. ನಾನು ಪುಟಗಳನ್ನಿಡುತ್ತಿದ್ದ ಹಳೆಯ ಹಾರ್ಡ್ ಡಿಸ್ಕಿನ ಮೇಲೆ ಈ ಕೆಲಸ ತೆವಳುತ್ತಿತ್ತು. ರ್ಯಾಮ್ ಡಿಸ್ಕಿನಲ್ಲಿ ಓಡತೊಡಗಿತು. ಹಾಗೆಂದು ಎಲ್ಲ ಕೆಲಸವೂ ಓಡಲಿಲ್ಲ. ಅಚ್ಚಿನ ಅಕ್ಷರಗಳನ್ನು ಗುರುತಿಸುವಂಥ ಕೆಲಸ ಪ್ರೊಸೆಸರಿನ ದುಡಿಮೆ. ಡಿಸ್ಕ್ ಎಷ್ಟು ವೇಗವಾದರೂ ಅದರ ನಡಿಗೆ ಬದಲಾಗದು. ಇನ್ನು ನಿಮ್ಮ ಕೈಬರಹವನ್ನು ಓದಿ ಟೈಪ್ ಮಾಡಲು ಅಂದಿನಂತೆ ಇಂದಿಗೂ ನಾನೇ ಬೇಕು!

ಎರಡನೆಯದು, ಉಳಿಯಬಾರದ ಕಾಗದಪತ್ರಗಳು. ನಾವು ಪ್ರಶ್ನೆಪತ್ರಿಕೆಗಳನ್ನು ಸೈಕ್ಲೋಸ್ಟೈಲ್ ಮಾಡುತ್ತಿದ್ದ ಕಾಲದಲ್ಲಿ, ಪ್ರತಿಗಳು ಮುಗಿದೊಡನೆ ಸ್ಟೆನ್ಸಿಲ್ ಹಾಳೆಯನ್ನು ಮುಖ್ಯೋಪಾಧ್ಯಾಯರ ಎದುರಿನಲ್ಲೇ ಸುಡುತ್ತಿದ್ದೆವು. ಎಸ್‌ಎಸ್‌ಡಿಯಲ್ಲಿ ಹಾಗೆ ಸುಡುವುದು ಸುಲಭವಲ್ಲ. ಸವಕಳಿ ಒಂದೇ ಕಡೆ ಆಗದಿರಲೆಂದು ಅದು ಬರಹವನ್ನು ಬೇರೆಬೇರೆ ಸ್ಥಳಗಳಿಗೆ ಹಂಚುತ್ತಿರುವುದರಿಂದ, ನಾವು ಅಳಿಸಿದ ಫೈಲಿನ ಹಳೆಯ ಪ್ರತಿ ಎಲ್ಲೋ ಉಳಿದಿರಬಹುದು. ಗೋಪ್ಯ ಪತ್ರವನ್ನು ಬಿಚ್ಚಿ ಓದಲು, ಬ್ಯಾಂಕಿನ ದಾಖಲೆಯನ್ನು ತಿದ್ದಲು ರ್ಯಾಮ್ ಡಿಸ್ಕ್ ಒಳ್ಳೆಯ ಜಾಗ. ಆದರೆ ಇಲ್ಲಿಯೂ ಎಚ್ಚರ ಬೇಕು. ಮೆಮೊರಿ ಸಾಲದಾದಾಗ ಲಿನಕ್ಸಿನ ಟಿಎಂಪಿಎಫ್‌ಎಸ್ ಎಂಬ ವ್ಯವಸ್ಥೆ ತನ್ನಲ್ಲಿರುವುದನ್ನು ಡಿಸ್ಕಿನ ಸ್ವಾಪ್ ಜಾಗಕ್ಕೆ ಇಳಿಸಬಹುದು. ಹಾಗೆ ಇಳಿಸಬಾರದೆಂದು ತಾಕೀತು ಮಾಡುವ ಅವಕಾಶ 2023ರ ಲಿನಕ್ಸ್ 6.4ರಿಂದ ಇದೆ. ಯಂತ್ರವನ್ನು ಹೈಬರ್ನೇಟ್ ಮಾಡಿದರೂ ಮೆಮೊರಿಯ ಪ್ರತಿ ಡಿಸ್ಕಿಗೆ ಹೋಗುತ್ತದೆ. ವಿದ್ಯುತ್ ನಿಂತ ಮೇಲೂ ಮೆಮೊರಿಯ ಬರಹ ಕೆಲವು ಸೆಕೆಂಡುಗಳ ಕಾಲ, ಚಿಪ್ಪನ್ನು ತಣ್ಣಗಾಗಿಸಿದರೆ ಇನ್ನೂ ಹೆಚ್ಚು ಕಾಲ ಉಳಿಯಬಲ್ಲದೆಂದು 2008ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿಕೊಟ್ಟರು. ನಮ್ಮಂಥವರಿಗೆ ಇಷ್ಟೆಲ್ಲ ಭಯ ಬೇಡ, ತಿಳಿದಿರಲಿ ಎಂದು ಹೇಳಿದೆ.

ಮೂರನೆಯದು, ನಿಮ್ಮಲ್ಲಿ ಪ್ರೋಗ್ರಾಂ ಬರೆಯುವವರಿಗೆ. ದೊಡ್ಡ ಪ್ರೋಗ್ರಾಮನ್ನು ಕಂಪೈಲ್ ಮಾಡುವಾಗ ಸಾವಿರಾರು ಸಣ್ಣ ಫೈಲುಗಳು ಹುಟ್ಟಿ ಸಾಯುತ್ತವೆ. ಪರೀಕ್ಷೆಗೆಂದು ಕಟ್ಟಿದ ಡೇಟಾಬೇಸ್, “ಡಿಸ್ಕಿಗೆ ಬರೆದಾಯಿತೇ?” ಎಂದು ಹೆಜ್ಜೆಹೆಜ್ಜೆಗೂ ಕಾಯುತ್ತ ನಿಲ್ಲುತ್ತದೆ. ಅಂಥ ಡೇಟಾಬೇಸನ್ನು ಮೆಮೊರಿಯಲ್ಲಿಟ್ಟರೆ ಆ ಕಾಯುವಿಕೆ ತಪ್ಪುತ್ತದೆ. ಪರೀಕ್ಷೆ ಮುಗಿದ ಮೇಲೆ ಅದು ಹಾಳಾದರೂ ಯಾರಿಗೂ ನಷ್ಟವಿಲ್ಲ. ಕಾರ್ಯಾಚರಣ ವ್ಯವಸ್ಥೆಗಳೂ ಈ ಉಪಾಯವನ್ನು ಸದ್ದಿಲ್ಲದೆ ಬಳಸುತ್ತಿವೆ. ಲಿನಕ್ಸ್ ಯಂತ್ರಗಳೂ ಬಹುಪಾಲು ಆಂಡ್ರಾಯ್ಡ್ ಫೋನುಗಳೂ ಚಾಲೂ ಆಗುವಾಗ ಮೊದಲು ಮೆಮೊರಿಯಲ್ಲಿನ ಒಂದು ಪುಟ್ಟ ಡಿಸ್ಕಿನಲ್ಲಿ ಕಣ್ಣು ತೆರೆಯುತ್ತವೆ. 2025ರಲ್ಲಿ ಬಂದ ಡೆಬಿಯನ್ 13 ಆವೃತ್ತಿಯಂತೂ ತಾತ್ಕಾಲಿಕ ಫೈಲುಗಳ ಫೋಲ್ಡರನ್ನು ಮೆಮೊರಿಯಲ್ಲಿಡುವುದನ್ನೇ ವಾಡಿಕೆ ಮಾಡಿಕೊಂಡಿದೆ.

ಬಳಸಬಾರದ ಕಡೆಗಳೂ ಇವೆ. ಮೆಮೊರಿ ಸಾಲದಾದಾಗ ಬೇಕಾಗುವ ಸ್ವಾಪ್ ಫೈಲನ್ನೇ ರ್ಯಾಮ್ ಡಿಸ್ಕಿನಲ್ಲಿಡುವವರಿದ್ದಾರೆ. ಅದು ಬಲಗಿಸೆಯಿಂದ ಸಾಲ ಪಡೆದು ಎಡಗಿಸೆಯನ್ನು ತುಂಬಿಸಿದಂತೆ. “ಎಸ್‌ಎಸ್‌ಡಿ ಸವೆದುಹೋಗುತ್ತದೆ, ಅದಕ್ಕಾಗಿ ರ್ಯಾಮ್ ಡಿಸ್ಕ್ ಬೇಕು” ಎಂಬ ವಾದವನ್ನೂ ಲೆಕ್ಕ ಹಾಕಿ ನೋಡಿ. 1 ಟೆರಾಬೈಟಿನ ಸಾಮಾನ್ಯ ಎಸ್‌ಎಸ್‌ಡಿಗಳಲ್ಲಿ ಅನೇಕಕ್ಕೆ 600 ಟೆರಾಬೈಟ್ ಬರೆಯುವವರೆಗಿನ ಖಾತರಿ ಇರುತ್ತದೆ. ದಿನಕ್ಕೆ 50 ಗಿಗಾಬೈಟ್ ಬರೆದರೂ 12,000 ದಿನ, ಅಂದರೆ ಮೂವತ್ತೆರಡು ವರ್ಷಗಳಿಗೂ ಹೆಚ್ಚು. ಅಷ್ಟರೊಳಗೆ ಎಸ್‌ಎಸ್‌ಡಿಯಲ್ಲ, ನಾನೇ ಸವೆದಿರುತ್ತೇನೆ.

ಈಗ ತಪ್ಪೊಪ್ಪಿಗೆ.

ಶಿಷ್ಯ ಹೇಳಿಕೊಟ್ಟ ಕ್ರಮ ಸರಿಯಾಗಿಯೇ ಇತ್ತು. ಸ್ಕ್ಯಾನ್ ಮಾಡಿದ ಮೂಲಚಿತ್ರ ಹಾರ್ಡ್ ಡಿಸ್ಕಿಗೆ, ಆಮೇಲಿನ ಹಂತಗಳು ಮಾತ್ರ ‘ತಾತ್ಕಾಲಿಕ’ಕ್ಕೆ. ಹದಿನೈದು ದಿನ ಹಾಗೆಯೇ ನಡೆದುಕೊಂಡೆ. ಆ ವೇಗದ ರುಚಿ ಹತ್ತಿದ ಮೇಲೆ, ಮೂಲಚಿತ್ರವನ್ನೂ ನೇರವಾಗಿ ಅಲ್ಲಿಗೇ ಇಳಿಸಿದರೆ ನಕಲು ಮಾಡುವ ಒಂದು ಹೆಜ್ಜೆ ಉಳಿಯುವುದಲ್ಲ ಎಂಬ ಆಲೋಚನೆ ಬಂತು. ಸಂಜೆ ಎಲ್ಲವನ್ನೂ ಒಟ್ಟಿಗೆ ಹಾರ್ಡ್ ಡಿಸ್ಕಿಗೆ ಸಾಗಿಸಿದರಾಯಿತು ಎಂದುಕೊಂಡೆ. ಅಂದು ಕೈಗೆತ್ತಿಕೊಂಡದ್ದು 1991ರ ಸಂಚಿಕೆ.

ಅದರಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬ ಬರೆದ ಒಂದು ಲೇಖನವಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಹಿನ್ನೀರು ಏರಿದಾಗ ಮುಳುಗಿದ ಊರುಗಳಲ್ಲಿ ಅವನ ಅಜ್ಜಿಯ ಊರೂ ಒಂದು. ಆ ಅಜ್ಜಿಯ ಬಾಯಿಂದ ಕೇಳಿ, ಊರಿನ ಒಂದೊಂದು ಗದ್ದೆಯ ಹೆಸರು, ಒಂದೊಂದು ಮನೆಯ ದಿಕ್ಕು, ಬಾವಿ ಯಾವ ಹಲಸಿನ ಮರದ ಕೆಳಗಿತ್ತು ಎಂಬುದನ್ನೆಲ್ಲ ಅವನು ಎರಡು ಪುಟ ತುಂಬ ಪಟ್ಟಿ ಮಾಡಿದ್ದ. ಅಂದು ನಾನು ಅದಕ್ಕೆ “ಕಥೆಯ ಓಟ ಸಾಲದು” ಎಂದು ಷರಾ ಬರೆದಿದ್ದೆ. ಮೂವತ್ತು ಚಿಲ್ಲರೆ ವರ್ಷಗಳ ನಂತರ ಓದುವಾಗ, ಇಡೀ ಸಂಚಿಕೆಯಲ್ಲಿ ಉಳಿಯಲೇಬೇಕಾದ ಹಾಳೆ ಅದೊಂದೇ ಎನ್ನಿಸಿತು. ಬೆಳ್ಳಿಹುಳು ತಿಂದು ಜಾಳುಜಾಳಾಗಿದ್ದ ಆ ಹಾಳೆಯನ್ನು ಎರಡೂ ಬದಿ ಸ್ಕ್ಯಾನ್ ಮಾಡಿ ಎತ್ತುವಷ್ಟರಲ್ಲಿ ಅದು ಕೈಯಲ್ಲೇ ಪುಡಿಯಾಯಿತು. “ಹೋಗಲಿ, ಚಿತ್ರ ಸಿಕ್ಕಿತಲ್ಲ” ಎಂದು ಸಮಾಧಾನಪಟ್ಟುಕೊಂಡು, ಪುಡಿಯನ್ನು ಒಂದು ಲಕೋಟೆಯಲ್ಲಿ ತುಂಬಿದೆ.

ಜುಲೈ ತಿಂಗಳ ಮಳೆ. ನಾಲ್ಕೂವರೆಗೆ ಕರೆಂಟು ಹೋಯಿತು. ಯುಪಿಎಸ್‌ನ ಬ್ಯಾಟರಿ ದುರ್ಬಲವಾಗಿದೆ, ಬದಲಿಸಬೇಕು ಎಂದು ಬೇಸಿಗೆಯಿಂದ ಹೇಳಿಕೊಳ್ಳುತ್ತಲೇ ಬಂದಿದ್ದೆ. ಅದು ಒಂದು ಸಲ ಕೀಚೆಂದು ಸುಮ್ಮನಾಯಿತು. ಕರೆಂಟು ಮರಳಿ ಬಂದಾಗ ‘ತಾತ್ಕಾಲಿಕ’ ಫೋಲ್ಡರು ಇತ್ತು, ಒಳಗೆ ಏನೂ ಇರಲಿಲ್ಲ. ಉಳಿದ ಪುಟಗಳನ್ನು ಮತ್ತೆ ಸ್ಕ್ಯಾನ್ ಮಾಡಬಹುದಾಗಿತ್ತು, ಮಾಡಿದೆ. ಆ ಒಂದು ಹಾಳೆ ಮಾತ್ರ ಹೋಯಿತು. ಶರಾವತಿಯ ನೀರಿನಲ್ಲಿ ಒಮ್ಮೆ ಮುಳುಗಿದ್ದ ಊರು ನನ್ನ ಅಜಾಗ್ರತೆಯಿಂದ ಮತ್ತೊಮ್ಮೆ ಮುಳುಗಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯನ್ನು ನಿಮಗೆಲ್ಲ ಕಲಿಸಿದವನು ನಾನೇ.

ವಿಷಯ ತಿಳಿಸಿದಾಗ ಕಂಪ್ಯೂಟರ್ ಕೊಟ್ಟ ಶಿಷ್ಯ, “ನಾನೇ ಇನ್ನೂ ಒತ್ತಿ ಹೇಳಬೇಕಿತ್ತು ಸಾರ್” ಎಂದು ನೊಂದುಕೊಂಡ. “ಇಲ್ಲ ಮಾರಾಯ, ನೀನು ಫೋಲ್ಡರಿನ ಮೇಲೇ ಬರೆದಿಟ್ಟಿದ್ದೆ” ಎಂದೆ.

ಇದರಿಂದ ನನಗೆ ಸ್ಪಷ್ಟವಾದ ಅಭಿಪ್ರಾಯ ಇಷ್ಟು. ರ್ಯಾಮ್ ಡಿಸ್ಕಿನ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ “ಎಷ್ಟು ವೇಗ?” ಎಂಬುದಲ್ಲ. “ಇದು ಹೋದರೆ ಮತ್ತೆ ಮಾಡಿಕೊಳ್ಳಬಹುದೇ?” ಎಂಬುದು. ಮಾಡಿಕೊಳ್ಳಬಹುದಾದರೆ ನಿಶ್ಚಿಂತೆಯಿಂದ ಅಲ್ಲಿಡಿ. ಹೋಗಲೇಬೇಕಾದ ವಸ್ತುವಾದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಮತ್ತೆ ಮಾಡಲಾಗದ ವಸ್ತುವನ್ನು ಒಂದು ನಿಮಿಷದ ಮಟ್ಟಿಗೂ ಅಲ್ಲಿ ಒಂಟಿಯಾಗಿ ಬಿಡಬೇಡಿ. ಮೊದಲು ನೋಟ್‌ಪುಸ್ತಕ, ಆಮೇಲೆ ಕರಿಹಲಗೆ. ಗಾತ್ರದ ವಿಷಯದಲ್ಲಿ, ಒಟ್ಟು ಮೆಮೊರಿಯ ಅರ್ಧವನ್ನು ಮೀರದಿದ್ದರೆ ಕ್ಷೇಮ. ಲಿನಕ್ಸಿನ ರೂಢಿಯ ಮಿತಿಯೂ ಅಷ್ಟೇ. ಇದಕ್ಕಾಗಿಯೇ ಹೊಸದಾಗಿ ಮೆಮೊರಿ ಕೊಳ್ಳಹೊರಡಬೇಡಿ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ವಿಪರೀತ ಏರಿದ್ದನ್ನು ನೀವೂ ಓದಿರುತ್ತೀರಿ. ಈಗಾಗಲೇ ಇದ್ದು, ಖಾಲಿ ಉಳಿದಿದ್ದರೆ ಮಾತ್ರ ಬಳಸಿ. ಅದೇ ದುಡ್ಡಿನಲ್ಲಿ ಸಣ್ಣ ಪಾಲು ಸಾಕು, ಯುಪಿಎಸ್‌ಗೆ ಹೊಸ ಬ್ಯಾಟರಿ ಬರುತ್ತದೆ. ನಾನು ಹಾಕಿಸಿದ್ದೇನೆ.

ಕೊನೆಯದಾಗಿ ಒಂದು ವಿನಂತಿ. 1991ರಲ್ಲಿ ಎಂಟನೆಯ ತರಗತಿಯಲ್ಲಿದ್ದ, ಅಜ್ಜಿಯ ಊರಿನ ಬಗ್ಗೆ ಬರೆದಿದ್ದ ಆ ಹುಡುಗ ಇದನ್ನು ಓದುತ್ತಿದ್ದರೆ, ಅಥವಾ ಅವನನ್ನು ಬಲ್ಲವರು ಯಾರಾದರೂ ಇದ್ದರೆ, ದಯವಿಟ್ಟು ನನ್ನನ್ನು ಸಂಪರ್ಕಿಸಿ. ಅಜ್ಜಿ ತೀರಿಕೊಂಡಿದ್ದಾರೆಂದು ಕೇಳಿದ್ದೇನೆ. ಆ ಗದ್ದೆಗಳ ಹೆಸರುಗಳಲ್ಲಿ ನಾಲ್ಕೈದಾದರೂ ಅವನಿಗೆ ನೆನಪಿರಬಹುದು. ಮಗು, ಈಗ ನಿನಗೂ ನಲವತ್ತೇಳು ನಲವತ್ತೆಂಟು ವರ್ಷವಾಗಿರಬೇಕು. ನೆನಪಿದ್ದಷ್ಟನ್ನು ಮತ್ತೆ ಬರೆದು ಕಳುಹಿಸು. ಕಥೆಯ ಓಟ ಬೇಡ, ಹೆಸರುಗಳು ಸಾಕು. ಈ ಸಲ ಎರಡು ಕಡೆ ಇಟ್ಟುಕೊಂಡ ಮೇಲೆಯೇ ಓದುತ್ತೇನೆ.

ಎಲ್ಲರಿಗೂ ಶುಭವಾಗಲಿ.

— ನಿಮ್ಮ ಮೇಷ್ಟ್ರು